ಸೈಕಲ್ ಬಾಲ್ಸ್ ಮೇಲೆ ನಿಂತ ಫಾಲ್ಕನ್: ಎಕ್ಸ್-ವಿಂಗ್ ಸ್ಟ್ಯಾಂಡ್ ಮಾಡಿದ ನನ್ನ ಅನುಭವ

ಹೋದ ತಿಂಗಳು ರಾಜಾಜಿನಗರದಲ್ಲಿ ಗೆಳೆಯನ ಮನೆಯಲ್ಲಿ ಎಕ್ಸ್-ವಿಂಗ್ ಆಟ ಇತ್ತು, ಸ್ಟಾರ್ ವಾರ್ಸ್ ಸಿನಿಮಾದ ಆಕಾಶನೌಕೆಗಳ ಪುಟ್ಟ ಮಾದರಿಗಳನ್ನ (ನಾವು ಶಿಪ್ ಅಂತೀವಿ) ಮ್ಯಾಟ್ ಮೇಲೆ ನಡೆಸಿ ಕಾದಾಡಿಸೋ ಆಟ. ತಿಂಡಿ ಮುಗಿಸಿ ಹತ್ತು ಗಂಟೆಗೆ ಮ್ಯಾಟ್ ಹಾಸಿದವರು ಎದ್ದಿದ್ದು ಸಂಜೆ ನಾಲ್ಕೂವರೆಗೆ. ಅಷ್ಟು ಹೊತ್ತೂ ಫಾಲ್ಕನ್ ಅನ್ನೋ ನನ್ನ ದೊಡ್ಡ ಶಿಪ್ ಎಡಕ್ಕೆ ವಾಲಿಕೊಂಡು, ಮೂತಿ ಒಂಚೂರು ಮೇಲೆತ್ತಿಕೊಂಡು, ಬೇಸಿನ ಕಡ್ಡಿ ತುದಿಯ ಸ್ಟೀಲ್ ಗುಂಡಿನ ಮೇಲೆ ಬರೀ ಮ್ಯಾಗ್ನೆಟ್ ಹಿಡಿತದಲ್ಲಿ ನಾನು ಕೂರಿಸಿದ ಹಾಗೇ ನಿಂತಿತ್ತು. "ಮ್ಯಾಗ್ನೆಟ್ ಸಣ್ಣ ಶಿಪ್‌ಗೆ ಸರಿ, ದೊಡ್ಡದಕ್ಕೆ ಆಗೋ ಮಾತಲ್ಲ, ಅಂಟು ಹಾಕಿ ಮುಗ್ಸು ಗುರು" ಅಂತ ಒಂದೂವರೆ ವರ್ಷದಿಂದ ಹೇಳ್ತಿದ್ದವನೇ ಆಟ ಮುಗಿದ ಮೇಲೆ ಬೇಸ್ ಹಿಡಿದು ಎತ್ತಿದ, ತಲೆಕೆಳಗೆ ಮಾಡಿದ, ಅಲ್ಲಾಡಿಸಿದ. ಬೀಳಲಿಲ್ಲ. "ನಂಗೂ ನಾಲ್ಕು ಮಾಡ್ಕೊಡು" ಅಂದ. ಆ ಮಾತು ಕೇಳೋಕೆ ನಾನು ಸುಮಾರು ಎಂಟು ಸಾವಿರ ರೂಪಾಯಿ ಕಳೆದಿದ್ದೀನಿ. ಅದಕ್ಕೇ ಬರೆದಿಡ್ತಿದ್ದೀನಿ, ಇನ್ನೊಬ್ಬರು ಅಷ್ಟು ಕಳೆಯೋದು ಬೇಡ.

ಈ ಕೆಲಸಕ್ಕೆ ಯಾಕೆ ಕೈ ಹಾಕಿದೆ ಅಂದ್ರೆ, ಶಿಪ್ಪನ್ನ ಬೇಸ್ ಮೇಲೆ ಎತ್ತಿ ಹಿಡಿಯೋ ಪ್ಲಾಸ್ಟಿಕ್ ಕಡ್ಡಿಗಳಾದ ಮೂಲ ಪೆಗ್‌ಗಳ ತುದಿ ಮುರಿಯೋದು ನಿಮಗೆಲ್ಲ ಗೊತ್ತು. ಶಿಪ್ ಹೊಟ್ಟೆಯೊಳಗೆ ಹೋಗೋ ಆ ಸಣ್ಣ ಮೊಳೆ ಒಳಗೇ ಉಳಿದುಬಿಡುತ್ತೆ, ಪೆಗ್ ಕೈಗೆ ಬರುತ್ತೆ. ಮೊದಲಾದರೆ ಹೊಸ ಪೆಟ್ಟಿಗೆ ಕೊಂಡಾಗ ಒಂದೆರಡು ಹೆಚ್ಚಿನ ಪೆಗ್ ಸಿಗ್ತಿತ್ತು. 2012ರಲ್ಲಿ ಬಂದ ಆಟ ಇದು. 2024ರಲ್ಲಿ ಇನ್ನು ಮುಂದೆ ಹೊಸದೇನೂ ಮಾಡಲ್ಲ ಅಂತ ಕಂಪನಿಯವರೇ ಹೇಳಿದ ಮೇಲೆ, ಇರೋದನ್ನ ನಾವೇ ಉಳಿಸಿಕೊಳ್ಳಬೇಕು. ನನ್ನ ಹತ್ರ ಸಣ್ಣವು ಇಪ್ಪತ್ತಾರು, ದೊಡ್ಡ ಬೇಸಿನವು ಐದು. ಅದರಲ್ಲಿ ಒಂಬತ್ತಕ್ಕೆ ಪೆಗ್ ಮುರಿದಿತ್ತು.

ಸಣ್ಣ ಶಿಪ್‌ಗೆ ಮ್ಯಾಗ್ನೆಟ್ ಹಾಕೋದು ಎಲ್ಲರೂ ಮಾಡ್ತಾರೆ. ಹೊಟ್ಟೆಗೆ 5 ಮಿ.ಮೀ. ಬಿಲ್ಲೆ, ಪೆಗ್ ತುದಿಗೆ ಸ್ಟೀಲ್ ಗುಂಡು, ಆಯ್ತು. ಫಾಲ್ಕನ್‌ಗೆ ಅದನ್ನೇ ಮಾಡಿದೆ. ಕೂರಿಸಿ ಕೈ ಬಿಟ್ಟ ತಕ್ಷಣ ಮುಂಭಾರಕ್ಕೆ ನಿಧಾನವಾಗಿ ಜಾರಿ ಮೂತಿ ಮ್ಯಾಟ್‌ಗೆ ತಾಗಿಸ್ತು. ಮ್ಯಾಗ್ನೆಟ್ ಸಾಲದು ಅಂದುಕೊಂಡೆ. ಎಲ್ಲರೂ ಅದನ್ನೇ ಹೇಳಿದ್ರು. 8 ಮಿ.ಮೀ. ತಂದೆ, ಆಮೇಲೆ 10, ಆಮೇಲೆ 12 ಮಿ.ಮೀ. ಅಗಲ 5 ಮಿ.ಮೀ. ದಪ್ಪದ್ದು. ಆ ದಪ್ಪದ್ದು ಹಾಕಿದ ಮೇಲೆ ಎತ್ತಿದರೆ ಬೇಸ್ ಸಮೇತ ಬರ್ತಿತ್ತು, ಆದರೂ ವಾಲಿಸಿದರೆ ಜಾರ್ತಿತ್ತು! ಜೊತೆಗೆ ಹೊಸ ತೊಂದರೆ: ಪಕ್ಕದಲ್ಲಿ ಹಾದುಹೋದ ಸಣ್ಣ ಶಿಪ್ ಅದರ ಕಡೆ ಮೂತಿ ತಿರುಗಿಸ್ತಿತ್ತು. ಎಲ್ಲ ಮ್ಯಾಗ್ನೆಟ್ ಸೇರಿ ಸಾವಿರದ ಎಂಟುನೂರರ ಹತ್ತಿರ ಸುರಿದೆ.

ಅಂಟಿನ ಕಥೆ ಬೇರೆ. ಪೆಗ್‌ಗೆ 4 ಮಿ.ಮೀ. ಅಕ್ರಿಲಿಕ್ ಕಡ್ಡಿ ತಂದಿದ್ದೆ, ಎಸ್.ಪಿ. ರೋಡಿನಲ್ಲಿ ಮೀಟರಿಗೆ ಮೂವತ್ತೋ ನಲವತ್ತೋ ಕೊಟ್ಟ ನೆನಪು. ಗುಂಡನ್ನ ಸೂಪರ್ ಗ್ಲೂ ಹಾಕಿ ಅಂಟಿಸಿ, ಹನ್ನೆರಡು ಕಡ್ಡಿ ಸಾಲಾಗಿ ನಿಲ್ಲಿಸಿ, ಧೂಳು ಬೀಳದಿರಲಿ ಅಂತ ಮೇಲೆ ಡಬ್ಬಿ ಮುಚ್ಚಿ ಮಲಗಿದೆ. ಬೆಳಗ್ಗೆ ತೆಗೆದರೆ ಕನ್ನಡಿ ಹಾಗಿದ್ದ ಕಡ್ಡಿಗಳೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗೆ. ಗ್ಲೂ ಆರುವಾಗ ಬರೋ ಆವಿ ಮುಚ್ಚಿದ ಜಾಗದಲ್ಲಿ ಹೋಗೋಕೆ ದಾರಿ ಇಲ್ಲದೆ ಅಲ್ಲೇ ಕೂತುಬಿಡುತ್ತೆ. ಹನ್ನೆರಡೂ ಹಾಳು. ಆಮೇಲೆ ಎರಡು ಟ್ಯೂಬಿನ ಎಪಾಕ್ಸಿಗೆ ಬಂದೆ. ಅದು ಮಂಜು ಕಟ್ಟಲ್ಲ, ಆದರೆ ಗುಂಡು ಅಷ್ಟು ನುಣುಪಾಗಿರೋದರಿಂದ ವಾರದೊಳಗೆ ಟಪ್ ಅಂತ ಬಿಟ್ಟುಕೊಳ್ತು. 120 ನಂಬರ್ ಎಮರಿಯಲ್ಲಿ ಅಂಟೋ ಭಾಗ ಮಾತ್ರ ಗೀರಿ, ಎಣ್ಣೆ ಜಿಡ್ಡು ಒರೆಸಿ, ಕಡ್ಡಿ ತುದಿಗೆ ಡ್ರಿಲ್ ಬಿಟ್‌ನಿಂದ ಕೈಯಲ್ಲೇ ಒಂದು ಸಣ್ಣ ಗುಳಿ ಮಾಡಿ ಕೂರಿಸಿದ ಮೇಲೆ ಇವತ್ತಿನವರೆಗೆ ಒಂದೂ ಬಿಟ್ಟಿಲ್ಲ. ಇಡೀ ಒಂದು ದಿನ ಒಣಗಲಿ. ಐದು ನಿಮಿಷದ ಎಪಾಕ್ಸಿ ಅಂತ ಐದು ನಿಮಿಷಕ್ಕೆ ಮುಟ್ಟೋಕೆ ಹೋಗಬೇಡಿ.

ಇನ್ನೂ ದೊಡ್ಡ ನಷ್ಟ ಒಂದು ಇದೆ. ಮ್ಯಾಗ್ನೆಟ್ ಕೂರೋ ಗುಳಿಯನ್ನ ಕೊರೆಯೋ ಬದಲು, ಮ್ಯಾಗ್ನೆಟ್‌ಗೆ ಸೋಲ್ಡರಿಂಗ್ ಐರನ್ ಇಟ್ಟು ಕಾಯಿಸಿ ಪ್ಲಾಸ್ಟಿಕ್ ಒಳಗೆ ಇಳಿಸಿದೆ. ಬೆಣ್ಣೆಯೊಳಗೆ ಇಳಿದ ಹಾಗೆ ಇಳೀತು. ತಣ್ಣಗಾದ ಮೇಲೆ ಗುಂಡು ಹತ್ತಿರ ತಂದರೆ ಒಂದು ಗುಂಡುಸೂಜಿ ಎತ್ತೋ ಶಕ್ತಿಯೂ ಉಳಿದಿರಲಿಲ್ಲ. ಸಾಮಾನ್ಯ ನಿಯೋಡಿಮಿಯಮ್ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಬಲ ಕಳ್ಕೊಳ್ಳೋಕೆ ಶುರು ಮಾಡುತ್ತೆ. ಸೋಲ್ಡರಿಂಗ್ ಐರನ್ 300ರ ಮೇಲೇ ಇರುತ್ತೆ. ಗೊತ್ತಿದ್ದೂ ಆ ಹೊತ್ತಿಗೆ ತಲೆಗೆ ಬರಲಿಲ್ಲ. ಅದನ್ನ ಕಿತ್ತು ತೆಗೆಯೋಕೆ ಹೋಗಿ ಡ್ರಿಲ್ ಬಿಟ್ಟು ಶಿಪ್ಪಿನ ಮೇಲಿನ ಕವಚ ದಾಟಿ ಆಚೆ ಬಂತು. ಸೆಕೆಂಡ್ ಹ್ಯಾಂಡ್‌ನಲ್ಲಿ ಮೂರು ಸಾವಿರ ಕೊಟ್ಟು ತಂದಿದ್ದ ಫಾಲ್ಕನ್ ಅದು. ಆವತ್ತು ರಾತ್ರಿ ಊಟ ಸೇರಲಿಲ್ಲ. ಆಮೇಲಿಂದ ಬಿಟ್‌ಗೆ ಎಷ್ಟು ಆಳ ಬೇಕೋ ಅಲ್ಲಿಗೆ ಬಣ್ಣದ ಟೇಪ್ ಸುತ್ತದೆ ಕೊರೆಯೋದೇ ಇಲ್ಲ.

ತೂತು ಬಿದ್ದ ಆ ಫಾಲ್ಕನ್ ಎರಡು ತಿಂಗಳು ಕಪಾಟಿನಲ್ಲಿತ್ತು. ಒಂದು ಭಾನುವಾರ ಸುಮ್ಮನೆ ಸ್ಕೇಲಿನ ಅಂಚಿನ ಮೇಲೆ ಇಟ್ಟು ಸಮ ತೂಗ್ತಾ ಕೂತಿದ್ದೆ. ಉದ್ದಕ್ಕೆ ಒಂದು ಗೆರೆ, ಅಡ್ಡಕ್ಕೆ ಒಂದು ಗೆರೆ ಪೆನ್ಸಿಲ್‌ನಲ್ಲಿ ಎಳೆದೆ. ಎರಡೂ ಸೇರಿದ ಜಾಗ ಪೆಗ್ ತೂತಿನಿಂದ ಸುಮಾರು ಅರ್ಧ ಸೆಂಟಿಮೀಟರ್ ದೂರ ಇತ್ತು! ಅಂದರೆ ಇಷ್ಟು ದಿನ ನಾನು ಭಾರದ ನಡುವಿಗೆ ಹಿಡಿದೇ ಇರಲಿಲ್ಲ. ಗಟ್ಟಿ ಪೆಗ್‌ಗೆ ಅದು ಲೆಕ್ಕಕ್ಕಿಲ್ಲ, ತಿರುಗೋ ಗುಂಡಿಗೆ ಅದೇ ಎಲ್ಲ. ಗೆರೆ ಸೇರಿದ ಕಡೆ ಹೊಸ ಗುಳಿ ಕೊರೆದೆ. ಜಾರೋದು ಅರ್ಧ ನಿಂತುಹೋಯ್ತು. ಇನ್ನರ್ಧ ಯಾಕೆ ಉಳೀತು ಅಂತ ನೋಡಿದರೆ, ಗುಂಡು ಹೊಟ್ಟೆಯ ಕೆಳಗಿದೆ, ಭಾರ ಅದರ ಮೇಲಿದೆ. ನೆಟ್ಟಗಿದ್ದಾಗ ಸರಿ, ವಾಲಿಸಿದ ಕೂಡಲೇ ಭಾರ ಒಂದು ಪಕ್ಕಕ್ಕೆ ಹೋಗಿ ಎಳೆಯುತ್ತೆ. ಹಾಗಾಗಿ ಮ್ಯಾಗ್ನೆಟ್ಟನ್ನ ಹೊಟ್ಟೆಯ ಮಟ್ಟದಲ್ಲಿಡದೆ ಸುಮಾರು 5 ಮಿ.ಮೀ. ಒಳಕ್ಕೆ ತಳ್ಳಿದೆ. ಗುಳಿಯ ಬಾಯಿಯನ್ನ ಆಲಿಕೆಯ ಹಾಗೆ ಅಗಲ ಮಾಡಿದೆ, ಕಡ್ಡಿ ಅತ್ತಿತ್ತ ಆಡೋಕೆ ಜಾಗ ಬೇಕಲ್ಲ. 25-30 ಡಿಗ್ರಿ ವಾಲುತ್ತೆ, ಆಟಕ್ಕೆ ಅಷ್ಟು ಸಾಕು.

ಮೂರನೇದು ಗುಂಡು. ಚಪ್ಪಟೆ ಬಿಲ್ಲೆಯ ಮೇಲೆ ಗುಂಡು ತಾಗೋದು ಒಂದೇ ಚುಕ್ಕಿಯಲ್ಲಿ. ಸ್ಕ್ರೂ ತಲೆ ಕೂರೋಕೆ ಅಂತ ನಡುವೆ ಆಲಿಕೆ ತೂತು ಇರೋ ಮ್ಯಾಗ್ನೆಟ್ ಬರುತ್ತಲ್ಲ, 10 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ್ದು, ಅದರಲ್ಲಿ ಗುಂಡು ಬಟ್ಟಲಲ್ಲಿ ಕೂತ ಹಾಗೆ ಸುತ್ತಲೂ ತಾಗಿ ಕೂರುತ್ತೆ. ಗುಂಡಿಗೆ ಅಂತ ಆನ್‌ಲೈನ್‌ನಲ್ಲಿ ಹುಡುಕಬೇಡಿ. ಮನೆ ಹತ್ತಿರದ ಸೈಕಲ್ ಶಾಪಿಗೆ ಹೋಗಿ. ಮುಂದಿನ ಹಬ್ಬಿನ ಬಾಲ್ಸು 3/16 ಇಂಚು, ಹಿಂದಿನ ಹಬ್ಬಿನದು ಕಾಲಿಂಚು. ಸಣ್ಣ ಶಿಪ್‌ಗೆ ಮುಂದಿನದು, ದೊಡ್ಡದಕ್ಕೆ ಹಿಂದಿನದು. ಗುಂಡು ದೊಡ್ಡದಾದಷ್ಟೂ ಹಿಡಿತ ಹೆಚ್ಚು. ನಾನು "ಅಣ್ಣ, ಹಿಂದಿನ ಚಕ್ರದ ಬಾಲ್ಸ್ ನಲವತ್ತು ಕೊಡಿ" ಅಂದಾಗ ಅಂಗಡಿಯವರು "ಎಷ್ಟು ಸೈಕಲ್ ಬಿಚ್ಚಿದೀರಾ ಸಾರ್?" ಅಂತ ಕೇಳಿದ್ರು. ಶಿಪ್ ತೋರಿಸಿದೆ. ಈಗ ನಾನು ಹೋದರೆ ತುಕ್ಕಿಲ್ಲದ್ದನ್ನ ಅವರೇ ಆರಿಸಿ ಕೊಡ್ತಾರೆ.

ಗುಂಡಿಗೂ ಮ್ಯಾಗ್ನೆಟ್‌ಗೂ ನಡುವೆ ನಾನು ಒಂದು ತೆಳು ಪದರ ಹಾಕ್ತೀನಿ. ಜಾರೋದು ಪೂರ್ತಿ ನಿಂತಿದ್ದು ಅದರಿಂದ. ಅದೇನು ಅಂತ ಇಲ್ಲಿ ಹೇಳಲ್ಲ, ಆಟಕ್ಕೆ ಬಂದವರಿಗೆ ಕೈಯಲ್ಲಿ ಕೊಟ್ಟು ತೋರಿಸ್ತೀನಿ. ಅಡುಗೆಮನೆಯಲ್ಲಿ ಸಿಗೋ ವಸ್ತು, ಅಷ್ಟು ಹೇಳಬಹುದು. ದಪ್ಪ ಆದರೆ ಕೆಲಸ ಕೆಡುತ್ತೆ. ಬಣ್ಣದ ಎರಡು ಕೋಟ್ ಕೂಡ ಎಳೆತ ಕಮ್ಮಿ ಮಾಡುತ್ತೆ, ಅದಕ್ಕೇ ಗುಂಡು ತಾಗೋ ಜಾಗಕ್ಕೆ ನಾನು ಬಣ್ಣ ಹಚ್ಚಲ್ಲ.

ಸಣ್ಣ ಶಿಪ್‌ಗಳಿಗೆ ಇಷ್ಟೆಲ್ಲ ಬೇಡ. 40 ಮಿ.ಮೀ. ಬೇಸ್ ಹಗುರ ಆಗಿರೋದರಿಂದ ವಾಲಿಸಿದಾಗ ಬೇಸೇ ಮಗುಚುತ್ತೆ, ಅದಕ್ಕೆ ಅಡಿಗೆ ಒಂದು ವಾಷರ್ ಅಂಟಿಸಿದರೆ ಆಯ್ತು. ನಿಯಮದ ಬಗ್ಗೆ ಯಾರಾದರೂ ತಕರಾರು ತೆಗೆದರೆ ಹೇಳಿ: ದೂರ, ಡಿಕ್ಕಿ ಎಲ್ಲ ಬೇಸ್ ಲೆಕ್ಕದಲ್ಲಿ, ಮೇಲಿನ ಶಿಪ್ ಎತ್ತ ವಾಲಿದರೂ ಆಟಕ್ಕೆ ವ್ಯತ್ಯಾಸ ಇಲ್ಲ.

ಈಗ ಒಂದು ದೊಡ್ಡ ಸ್ಟ್ಯಾಂಡ್‌ಗೆ ನಲವತ್ತೈದು ರೂಪಾಯಿ ಬೀಳುತ್ತೆ, ಸಣ್ಣದಕ್ಕೆ ಇಪ್ಪತ್ತರ ಆಸುಪಾಸು. ಎಂಟು ಸಾವಿರ ಎಲ್ಲಿ ಹೋಯ್ತು ಅಂದ್ರೆ ಫಾಲ್ಕನ್ ಮೂರು ಸಾವಿರ, ಮ್ಯಾಗ್ನೆಟ್ ಎರಡು ಸಾವಿರಕ್ಕೆ ಸ್ವಲ್ಪ ಕಮ್ಮಿ, ಲೇಸರ್ ಕಟಿಂಗ್ ಸಾವಿರದ ಐನೂರು, ಉಳಿದಿದ್ದು ಕಡ್ಡಿ, ಅಂಟು, ಡ್ರಿಲ್ ಬಿಟ್, ಆಟೋ.

ಲೇಸರ್ ಅಂದೆನಲ್ಲ, ಅದು ಟೆಂಪ್ಲೇಟ್‌ಗೆ. ಶಿಪ್ ಎತ್ತ, ಎಷ್ಟು ದೂರ ಸಾಗಬೇಕು ಅಂತ ಅಳೆಯೋ ಪಟ್ಟಿಗಳು ಅವು. ಪೆಟ್ಟಿಗೆಯಲ್ಲಿ ಬಂದ ರಟ್ಟಿನವು ಅಂಚು ಬಿಟ್ಟು ನಾರು ಎದ್ದಿದ್ದವು. ಪೀಣ್ಯದ ಒಂದು ಶಾಪಿನಲ್ಲಿ 3 ಮಿ.ಮೀ. ಅಕ್ರಿಲಿಕ್‌ನಲ್ಲಿ ಕತ್ತರಿಸಿಕೊಂಡೆ. ಅಗಲ 20 ಮಿ.ಮೀ. ಅಂತ ಡ್ರಾಯಿಂಗ್ ಕೊಟ್ಟರೆ ಬಂದಿದ್ದು 19.7. ಲೇಸರ್ ತಾನು ಸುಟ್ಟ ದಾರಿಯನ್ನ ತಿಂದುಹಾಕುತ್ತೆ. ಬೇಸಿನ ಮುಂದಿನ ಎರಡು ಸಣ್ಣ ಉಬ್ಬುಗಳ ನಡುವೆ ಅದು ಲೊಡಲೊಡ ಆಡ್ತಿತ್ತು. ನೇರಕ್ಕೆ ಸಾಗೋ ಐದನೇ ಅಳತೆಯ ಟೆಂಪ್ಲೇಟ್ 200 ಮಿ.ಮೀ. ಉದ್ದ, ಬುಡದಲ್ಲಿ ಕೂದಲೆಳೆ ಅಲ್ಲಾಡಿದರೆ ತುದಿಯಲ್ಲಿ ಶಿಪ್ ಮ್ಯಾಟ್ ಮೇಲಿನ ಕ್ಷುದ್ರಗ್ರಹಕ್ಕೆ ಬಡಿಯುತ್ತೆ. ಎರಡನೇ ಸಲ ಹೆಚ್ಚು ಕೊಟ್ಟೆ, ಒಳಗೇ ಹೋಗಲಿಲ್ಲ. ಮೂರನೇ ಸಲ ಸರಿಯಾಗಿ ಕೂತಿತು. ನಾನು ಕೊಟ್ಟ ಅಂಕಿ ಆ ಮೆಷಿನ್‌ಗೆ ಮಾತ್ರ ಸರಿ, ನೀವು ಮೊದಲು ಒಂದು ಸಣ್ಣ ತುಂಡು ಕತ್ತರಿಸಿ ಬೇಸಿಗೆ ಹಾಕಿ ನೋಡಿಯೇ ಮುಂದುವರಿಯಿರಿ. ಒಂದು ಸೆಟ್ಟನ್ನ ಅಂಟು ಕಲೆ ಹೋಗಲಿ ಅಂತ ಥಿನ್ನರ್‌ನಲ್ಲಿ ಒರೆಸಿದೆ. ಕತ್ತರಿಸಿದ ಅಂಚಿನಿಂದ ಒಳಕ್ಕೆ ಜೇಡರ ಬಲೆ ಹಾಗೆ ಬಿರುಕು ಬಿಟ್ಟಿತು. ಸೋಪಿನ ನೀರು, ಹತ್ತಿ ಬಟ್ಟೆ, ಬೇರೇನೂ ಬೇಡ.

ಆಟದಲ್ಲಿ ಅಡ್ಡ ಸಿಗೋ ಆ ಕ್ಷುದ್ರಗ್ರಹಗಳಿಗೆ ಕುಲುಮೆಯ ಕಿಟ್ಟ ತಂದಿದ್ದೆ. ಊರಿಗೆ ಹೋದಾಗ ಕಮ್ಮಾರರ ಮನೆ ಹಿಂದೆ ರಾಶಿ ಬಿದ್ದಿತ್ತು, ಕೇಳಿದರೆ "ತಗೊಂಡ್ಹೋಗಪ್ಪ, ಅದೇನ್ ಮಾಡ್ತೀಯೋ" ಅಂದ್ರು. ನೋಡೋಕೆ ಇದಕ್ಕಿಂತ ಚೆನ್ನಾಗಿರೋ ಆಕಾಶದ ಕಲ್ಲು ಎಲ್ಲೂ ಸಿಗಲ್ಲ: ಕಪ್ಪು, ತೂತುತೂತು, ಒಂದು ಕಡೆ ಗಾಜಿನ ಹಾಗೆ ಹೊಳಪು. ಆದರೆ ಅದರಲ್ಲಿ ಕಬ್ಬಿಣ ಉಳಿದಿರುತ್ತೆ! ಮೊದಲ ಆಟದಲ್ಲೇ ಪಕ್ಕ ಹಾದ ಟೈ ಫೈಟರ್ ಅನ್ನೋ ಸಣ್ಣ ಶಿಪ್ ತನ್ನ ಪೆಗ್ ಬಿಟ್ಟು ಕಲ್ಲಿಗೆ ಅಂಟಿಕೊಳ್ತು. ಮ್ಯಾಗ್ನೆಟ್ ತೋರಿಸಿ ಎಳೆಯದ ತುಂಡುಗಳನ್ನ ಆರಿಸಿದೆ, ಮೂರರಲ್ಲಿ ಒಂದು ಉಳೀತು. ಅವನ್ನ ಪೆಟ್ಟಿಗೆಯಲ್ಲಿ ಬಂದ ಕ್ಷುದ್ರಗ್ರಹದ ಟೋಕನ್ ಆಕಾರದ ಅಕ್ರಿಲಿಕ್ ಮೇಲೆ ಅಂಟಿಸಿದ್ದೀನಿ, ಅಳತೆ ಕೆಡಬಾರದು.

ಟೋಕನ್ ಇಡೋಕೆ ಚನ್ನಪಟ್ಟಣದ ಕುಂಕುಮದ ಭರಣಿ. ಮೈಸೂರು ರಸ್ತೆಯಲ್ಲಿ ಬಸ್ಸಿಳಿದು ಐದು ಬಣ್ಣದವು ಕೊಂಡೆ: ನೀಲಿಯಲ್ಲಿ ಶೀಲ್ಡ್, ಹಸಿರಲ್ಲಿ ತಪ್ಪಿಸಿಕೊಳ್ಳೋದು, ಕೆಂಪಲ್ಲಿ ಗುರಿ. ಅರಗಿನ ಹೊಳಪು ಇನ್ನೂ ಹಾಗೇ ಇದೆ, ಮುಚ್ಚಳ ಹಾಕಿ ಚೀಲಕ್ಕೆಸೆದರೂ ಚೆಲ್ಲಲ್ಲ.

ಶಿಪ್ ಇಡೋ ಡಬ್ಬಿಗೆ ಮಾತ್ರ ಎಚ್ಚರ. ಅಡಿಯ ವಾಷರ್‌ಗೆ ಬದಲು ಮ್ಯಾಗ್ನೆಟ್ ಹಾಕಿದರೆ ಡಬ್ಬಿಯ ತಳಕ್ಕೆ ಕಚ್ಚಿ ನಿಲ್ಲುತ್ತೆ ಅಂದುಕೊಂಡು ಅಮ್ಮನ ಹತ್ತಿರ ದೊಡ್ಡ ಸ್ಟೀಲ್ ಡಬ್ಬ ಕೇಳಿ ತಂದೆ. ಒಂದೂ ಕಚ್ಚಲಿಲ್ಲ. ಒಳ್ಳೆ ಅಡುಗೆ ಸ್ಟೀಲನ್ನ ಸಾಮಾನ್ಯವಾಗಿ ಮ್ಯಾಗ್ನೆಟ್ ಎಳೆಯಲ್ಲ. ಅಮ್ಮ "ನಾನು ಮ್ಯಾಗ್ನೆಟ್ ಇಟ್ಟು ನೋಡಿಯೇ ತಗೊಂಡಿದ್ದು" ಅಂತ ಖುಷಿಯಾಗಿ ಡಬ್ಬ ವಾಪಸ್ ಇಟ್ಟುಕೊಂಡ್ರು. ಹಳೇ ಬಿಸ್ಕೆಟ್ ತಗಡಿನ ಡಬ್ಬಿ ಚೆನ್ನಾಗಿ ಕಚ್ಚುತ್ತೆ. ದೊಡ್ಡವಕ್ಕೆ ಅಪ್ಪನ ಹಳೇ ಟ್ರಂಕು ಹಿಡಿದಿದ್ದೀನಿ, ಸ್ಕೂಟರ್ ಮುಂದೆ ಇಟ್ಟುಕೊಂಡು ರಾಜಾಜಿನಗರದ ಗುಂಡಿಗಳನ್ನೆಲ್ಲ ದಾಟಿದರೂ ಒಂದೂ ಉರುಳಿಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಿಡಿ ಮ್ಯಾಗ್ನೆಟ್ಟನ್ನ ಮೇಜಿನ ಮೇಲೆ ಬಿಟ್ಟು ಏಳಬೇಡಿ. ಎರಡು ನುಂಗಿದರೆ ಕರುಳಿನೊಳಗೆ ಒಂದಕ್ಕೊಂದು ಕಚ್ಚಿಕೊಂಡು ಜೀವಕ್ಕೇ ಅಪಾಯ. ನಾನು ಎಣಿಸಿ ತೆಗೀತೀನಿ, ಎಣಿಸಿ ಒಳಗಿಡ್ತೀನಿ.

ಗೆಳೆಯನ ನಾಲ್ಕು ಸ್ಟ್ಯಾಂಡ್‌ಗೆ ಕಡ್ಡಿ ಕತ್ತರಿಸಿ ಗುಳಿ ಮಾಡಿಟ್ಟಿದ್ದೀನಿ. ಅವನ ಶಿಪ್‌ಗಳನ್ನ ಸ್ಕೇಲಿನ ಮೇಲೆ ತೂಗೋದೊಂದು ಬಾಕಿ. ಶನಿವಾರ ತಂದುಕೊಡು ಅಂದಿದ್ದೀನಿ, ಕೊರೆಯೋವಾಗ ಪಕ್ಕದಲ್ಲಿ ಅವನೂ ಕೂತಿರಬೇಕು ಅಂತಲೂ ಹೇಳಿದ್ದೀನಿ.