ಕಾಫಿ ಕಣದಲ್ಲಿ ವ್ಯಾನ್ ನಿಲ್ಲಿಸಿ ಪ್ಲಗ್ ಹಾಕುವ ಮೊದಲು

ನಮ್ಮದು ಟೆಂಪೋ ಟ್ರಾವೆಲರ್‌ನಲ್ಲಿ ಹಾಸಿಗೆ, ಫ್ರಿಜ್ ಕೂರಿಸಿಕೊಂಡ ಮನೆ. ಕೊಡಗಿಗೆ ಬಂದರೆ ಸುಂಟಿಕೊಪ್ಪದ ಹತ್ತಿರ ಒಂದು ತೋಟದ ಕಾಫಿ ಕಣದಲ್ಲಿ ನಿಲ್ಲಿಸುತ್ತೇವೆ. ಕರೆಂಟು ಪಂಪ್‌ಹೌಸ್ ಗೋಡೆಯ ಪ್ಲಗ್ ಪಾಯಿಂಟಿನಿಂದ. ಹೋದ ಜುಲೈನಲ್ಲಿ ಒದ್ದೆ ಕಣದ ಮೇಲೆ ಬರಿಗಾಲಲ್ಲಿ ನಿಂತು ವ್ಯಾನಿನ ಬಾಗಿಲು ಹಿಡಿದೆ. ಕೈ ಜುಮ್ಮೆಂದಿತು.

"ಟೆಸ್ಟರ್ ಉರೀತಿದೆಯಲ್ಲ ಅಕ್ಕ, ಎಲ್ಲ ಸರಿ ಇದೆ" ಎಂದರು ತೋಟದ ಲೆಕ್ಕಪತ್ರ ನೋಡುವ ರೈಟರ್. ಟೆಸ್ಟರ್ ತೋರಿಸುವುದು ಫೇಸ್ ಮಾತ್ರ, ಅಲ್ವಾ? ಅರ್ತಿಂಗ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ವ್ಯಾನ್ ನಿಂತಿರುವುದು ರಬ್ಬರ್ ಟೈರಿನ ಮೇಲೆ. ಅರ್ತ್ ತಂತಿ ಇಲ್ಲದಿದ್ದರೆ, ವ್ಯಾನಿನ ಬಾಡಿಯ ಮೇಲೆ ಸೋರಿದ ಕರೆಂಟು ನಮ್ಮ ಮೈ ಮೂಲಕವೇ ನೆಲಕ್ಕಿಳಿಯುತ್ತದೆ.

ಈಗ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಲ್ಲದೆ ಹೊರಡುವುದಿಲ್ಲ. ಚಪ್ಪಲಿ ಹಾಕಿಕೊಂಡು, ಒಣ ಕೈಯಲ್ಲಿ ಹಿಡಿಯಿರಿ. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ. ಸಾಕೆಟ್ ಎದುರು ನಿಂತರೆ ಮೇಲಿನ ದಪ್ಪ ತೂತು ಅರ್ತ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು ಬರಬೇಕು. 207ಕ್ಕಿಂತ ಕಡಿಮೆಯೋ 253ಕ್ಕಿಂತ ಜಾಸ್ತಿಯೋ ಇದ್ದರೆ ಪ್ಲಗ್ ಹಾಕಬೇಡಿ. ಫೇಸ್‌ನಿಂದ ಅರ್ತ್‌ಗೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದೆರಡು ವೋಲ್ಟ್. ನಮಗೆ ಅವತ್ತು ಫೇಸ್–ಅರ್ತ್ ನಡುವೆ ಸಿಕ್ಕಿದ್ದು 94. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚಿದರೆ, ಅರ್ತ್‌ನ ಹಸಿರು ತಂತಿಯನ್ನು ಕತ್ತರಿಸಿ ಒಳಗೇ ಮಡಚಿಟ್ಟಿದ್ದರು!

ಮಾರ್ಚ್‌ನಲ್ಲಿ ಬಂದರೆ ಇನ್ನೊಂದು ತಾಪತ್ರಯ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಶುರುವಾಗುತ್ತದೆ. ಮೋಟರ್ ಎದ್ದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ, ಫ್ರಿಜ್ಜಿನ ಕಂಪ್ರೆಸರ್ ನರಳುತ್ತದೆ. ಬೆಳಗ್ಗೆ ನೋಡಿದ ರೀಡಿಂಗ್ ನಂಬಿ ಕೂರಬೇಡಿ. ಮೋಟರ್ ಓಡುವಾಗ ಮತ್ತೆ ನೋಡಿ.

30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಇರಲೇಬೇಕು. ಟೆಸ್ಟ್ ಬಟನ್ ಒತ್ತಿದರೆ ಅದು ಟ್ರಿಪ್ ಆಗಬೇಕು. ಆಗದಿದ್ದರೆ ಆ ಪಾಯಿಂಟ್ ಬೇಡ. ಕೇಬಲ್ ಮೂರು ತಂತಿಯದೇ ಇರಲಿ, ಪೂರ್ತಿ ಬಿಚ್ಚಿ ಹಾಸಿ. ಸುರುಳಿಯಲ್ಲೇ ಬಿಟ್ಟರೆ ಬಿಸಿಯಾಗಿ ಕರಗಬಹುದು. ಜಾಯಿಂಟು ನೀರಲ್ಲಿ ಬಿದ್ದಿರಬಾರದು.

ವ್ಯಾನಿನ ಮೇನ್ ಆಫ್ ಇಟ್ಟು ಪ್ಲಗ್ ಹಾಕಿ, ಆಮೇಲೆ ಆನ್ ಮಾಡಿ. ಬಾಡಿ ಮುಟ್ಟುವ ಮೊದಲು ಇನ್ನೊಂದು ಕೆಲಸ ಇದೆ. ಕಣದಂಚಿನ ಹಸಿ ಮಣ್ಣಿಗೆ ಸ್ಕ್ರೂಡ್ರೈವರ್ ಚುಚ್ಚಿ, ಮೀಟರಿನ ಒಂದು ಕಡ್ಡಿ ಅದಕ್ಕೆ, ಇನ್ನೊಂದು ಬಾಗಿಲಿನ ಬಣ್ಣ ಹೋದ ಕಬ್ಬಿಣಕ್ಕೆ ಹಿಡಿಯಿರಿ. ಸೊನ್ನೆಯ ಹತ್ತಿರ ಬಂದರೆ ಹತ್ತಿ. ಹತ್ತಿಪ್ಪತ್ತು ವೋಲ್ಟ್ ಕಂಡರೂ ಬಾಗಿಲು ಮುಟ್ಟಬೇಡಿ. ಸೀದಾ ಪಂಪ್‌ಹೌಸ್‌ಗೆ ಹೋಗಿ ಅಲ್ಲಿನ ಸ್ವಿಚ್ ಆಫ್ ಮಾಡಿ.