ಥರ್ಮೋಕೋಲ್ ಬಿಟ್ಟು ಮರಳಿಗೆ: ಸ್ತರಭಂಗ ತಾನಾಗಿ ಮೂಡುವ ಪೆಟ್ಟಿಗೆ

ಬಂಡೆಯ ಪದರಗಳು ಒಡೆದು ಆ ಒಡಕಿನ ಉದ್ದಕ್ಕೂ ಜಾರುವುದೇ ಸ್ತರಭಂಗ, ಅಂದರೆ ಫಾಲ್ಟ್. ವಿಜ್ಞಾನ ಪ್ರದರ್ಶನಕ್ಕೆ ಅದರ ಮಾದರಿ ಎಂದರೆ ನಮ್ಮ ಕಡೆ ಥರ್ಮೋಕೋಲೇ. ಓರೆಯಾಗಿ ಕೊಯ್ದು ಬಣ್ಣ ಬಳಿದು, ಓರೆಯ ಮೇಲೆ ಕೂತ ತುಂಡನ್ನು ಇಳಿಸಿದರೆ ನಾರ್ಮಲ್ ಫಾಲ್ಟ್, ಏರಿಸಿದರೆ ರಿವರ್ಸ್ ಫಾಲ್ಟ್. ಎಲ್ಲಿ ಮುರಿಯಬೇಕು, ಎಷ್ಟು ಓರೆ ಇರಬೇಕು ಎಂಬುದನ್ನೆಲ್ಲ ಬ್ಲೇಡು ಹಿಡಿದವರೇ ತೀರ್ಮಾನಿಸಿರುತ್ತಾರೆ. ಪೆಟ್ಟಿಗೆಗೆ ಒಣ ಮರಳು ತುಂಬಿ ಒಂದು ಗೋಡೆಯನ್ನು ಎಳೆದರೆ ಇಲ್ಲವೇ ತಳ್ಳಿದರೆ ಅದನ್ನು ಮರಳೇ ತೀರ್ಮಾನಿಸುತ್ತದೆ. "ಮರಳು ಎಳೆದರೆ ಕುಸಿಯುತ್ತೆ ಅಷ್ಟೇ, ಗೆರೆ ಎಲ್ಲಿಂದ ಬರುತ್ತೆ?" ಎಂದು ಚಿಕ್ಕಬಳ್ಳಾಪುರ, ಚಿಂತಾಮಣಿಯ ಮೇಷ್ಟ್ರುಗಳು ಕೇಳುತ್ತಿದ್ದರು. ಐದು ಸಲ ಕೆಟ್ಟು ಆರನೆಯ ಸಲ ಗೆರೆ ಬಂತು. ಈಗ ಹತ್ತಕ್ಕೆ ಒಂಬತ್ತು ಸಲ ಬರುತ್ತದೆ.

ಪೆಟ್ಟಿಗೆ ಒಳಗಿನಿಂದ 60 ಸೆಂ.ಮೀ. ಉದ್ದ, 20 ಅಗಲ, 20 ಎತ್ತರ. ಉದ್ದದ ಎರಡೂ ಬದಿಗೆ 5 ಮಿ.ಮೀ. ಗಾಜು. ಒಂದು ತುದಿಯ ಗೋಡೆ ಜರುಗಬೇಕು. ಅದಕ್ಕೆ ಎಂ12 (12 ಮಿ.ಮೀ. ದಪ್ಪದ) ಥ್ರೆಡ್ ರಾಡು, ಎರಡು ನಟ್ಟು. ಒಂದು ಸುತ್ತಿಗೆ 1.75 ಮಿ.ಮೀ. ಸರಿಯುವುದರಿಂದ ಸುತ್ತು ಎಣಿಸಿದರೆ ಸಾಕು, ಸ್ಕೇಲು ಬೇಡ. ಮೊದಲು ಅಕ್ರಿಲಿಕ್ ಹಾಕಿಸಿ ಮೂರು ಸಾವಿರಕ್ಕೂ ಮೇಲೆ ಕಳೆದೆ. ಅಕ್ರಿಲಿಕ್‌ಗೆ ಸ್ಥಾಯಿ ವಿದ್ಯುತ್ ಹಿಡಿದು ದೂಳು ಅಂಟುತ್ತದೆ, ಗೀರು ಬೀಳುತ್ತದೆ, ಎರಡು ವಾರದಲ್ಲಿ ಒಳಗಿನದೇನೂ ಕಾಣುವುದಿಲ್ಲ. ಗಾಜು, ಬಡಗಿಯ ಹತ್ತಿರ ಉಳಿದ ಪ್ಲೈವುಡ್, ರಾಡು, ಜಿಂಕ್ ಶೀಟು ಎಲ್ಲ ಸೇರಿ ಈಗಿನದಕ್ಕೆ ಸಾವಿರದ ನಾನೂರರ ಆಸುಪಾಸು ಬಿತ್ತು.

ಕೆಟ್ಟ ಐದರಲ್ಲಿ ನಾಲ್ಕು ಮರಳಿನಿಂದಲೇ ಕೆಟ್ಟವು. ಎಂ-ಸ್ಯಾಂಡ್ ಬೇಡವೇ ಬೇಡ. ಅದರಲ್ಲಿರುವ ಕಲ್ಲುಪುಡಿ ಕಣಗಳನ್ನು ಅಂಟಿಸಿ ನೇರ ಬಿರುಕು ತರುತ್ತದೆ, ಓರೆ ಫಾಲ್ಟ್ ಬರುವುದಿಲ್ಲ. ತೊಳೆದ ನದಿ ಮರಳನ್ನು ಹಿಟ್ಟಿನ ಜರಡಿಯಲ್ಲಿ ಹಿಡಿದು ಎರಡು ದಿನ ಬಿಸಿಲಿಗೆ ಹರವಿ. ಮಳೆಗಾಲವಾದರೆ ಬಾಣಲೆಯಲ್ಲಿ ಹುರಿಯಿರಿ. ಹಸಿ ಚೂರು ಉಳಿದರೂ ಅದೇ ನೇರ ಬಿರುಕು. ಮರಳನ್ನು ಸುರಿಯಬೇಡಿ, 25 ಸೆಂ.ಮೀ. ಮೇಲಿನಿಂದ ಜರಡಿ ಆಡಿಸುತ್ತ ಉದುರಿಸಿ. ಸುರಿದದ್ದು ಸಡಿಲವಾಗಿ ಕೂರುತ್ತದೆ, ಎಳೆದಾಗ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಉದುರಿಸಿದ್ದು ಬಿಗಿಯಾಗಿ ಕೂತು ಒಂದೇ ಗೆರೆಯಲ್ಲಿ ಒಡೆಯುತ್ತದೆ. 6 ಸೆಂ.ಮೀ. ದಪ್ಪಕ್ಕೆ ಹನ್ನೊಂದು ಹನ್ನೆರಡು ಕೆಜಿ ಬೇಕು, ಮುಕ್ಕಾಲು ಗಂಟೆ ಹಿಡಿಯುತ್ತದೆ.

ಪ್ರತಿ ಸೆಂಟಿಮೀಟರಿಗೆ ಒಂದು ಬಣ್ಣದ ಪದರ. ಬರೀ ರಂಗೋಲಿ ಪುಡಿಯನ್ನು ದಪ್ಪಗೆ ಹಾಕಿದ್ದು ಐದನೆಯ ತಪ್ಪು. ಅದು ಹಲಗೆಯ ಹಾಗೆ ಬಿಗಿದು ಬೇರೆಯೇ ರೀತಿ ಮುರಿಯಿತು. ಈಗ ಮರಳಿಗೇ ಬಣ್ಣ ಕಟ್ಟುತ್ತೇನೆ. ಆ ಬಣ್ಣ ಯಾವುದು, ಗಾಜಿಗೆ ಮರಳು ಹಿಡಿಯದಂತೆ ಏನು ಒರೆಸುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಾರ್ಮಲ್ ಫಾಲ್ಟಿಗೆ ಜರುಗುವ ಗೋಡೆಗೆ ಜಿಂಕ್ ಶೀಟು ಕಟ್ಟಿ, ಅದರ ಅಂಚು ಮರಳಿನ ತಳದ ನಡುವೆ ಬರುವಂತೆ ಹಾಸಿ. ಹೊರಕ್ಕೆ ಆರು ಸುತ್ತು, ಅಂದರೆ ಸುಮಾರು 1 ಸೆಂ.ಮೀ. ಆ ಅಂಚಿನಿಂದ ಎರಡು ಗೆರೆಗಳು ವಿ ಆಕಾರದಲ್ಲಿ ಮೇಲೇರುತ್ತವೆ, ನಡುವಿನ ತುಂಡು ಕುಸಿಯುತ್ತದೆ. ಕೋನಮಾಪಕ ಇಟ್ಟರೆ ಓರೆ 60 ಡಿಗ್ರಿಯ ಹತ್ತಿರ, ಮೇಲಿನ ಕಣಿವೆಯ ಅಗಲ 7 ಸೆಂ.ಮೀ. ಇನ್ನೂ ಎಳೆದರೆ ಸ್ಥಿರ ಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಸ ಫಾಲ್ಟ್‌ಗಳು ಹುಟ್ಟುತ್ತವೆ. ಇಲ್ಲಿ 1 ಸೆಂ.ಮೀ. ಮರಳನ್ನು ಸುಮಾರು 1 ಕಿ.ಮೀ. ಬಂಡೆಗೆ ಸಮ ಎಂದು ಹಿಡಿಯಬಹುದು. ನನ್ನ ಗಾಜಿನ ಮೇಲೆ 3.2 ಸೆಂ.ಮೀ. ಆಳಕ್ಕೆ ಒಂದು ಗುರುತಿದೆ: ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಇಳಿದಿದ್ದ ಆಳ. ಕೋಲಾರದ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ.

ರಿವರ್ಸ್‌ಗೆ ಶೀಟು ತೆಗೆದು ಗೋಡೆಯನ್ನು ಒಳಕ್ಕೆ ತಳ್ಳಬೇಕು. ಇಲ್ಲೇ ಹೆಚ್ಚಿನವರು ಕೈಬಿಡುವುದು. ಮೊದಲ ಮೂರು ನಾಲ್ಕು ಸುತ್ತಿನಲ್ಲಿ ಏನೂ ಕಾಣುವುದಿಲ್ಲ, ಮರಳು ಒತ್ತಿಕೊಳ್ಳುತ್ತಿರುತ್ತದೆ. ಆಮೇಲೆ 30 ಡಿಗ್ರಿ ಓರೆಯ ಗೆರೆ ಏಳುತ್ತದೆ. ಅದು ಮೇಲ್ಮೈ ತಲುಪುವುದು ಗೋಡೆಯಿಂದ ಸುಮಾರು 10 ಸೆಂ.ಮೀ. ಆಚೆಗೆ. ಗೆರೆ ಅರ್ಧಕ್ಕೆ ಬಂದಾಗ ಒಮ್ಮೆ ನಿಲ್ಲಿಸಿ ನೋಡಿ: ತಳದಲ್ಲಿ ಫಾಲ್ಟ್, ಮೇಲೆ ಬರೀ ಉಬ್ಬು. 2001ರ ಜನವರಿ 26ರ ಭುಜ್ ಭೂಕಂಪದಲ್ಲೂ ಹೀಗೆಯೇ, ಫಾಲ್ಟ್ ನೆಲದ ಮೇಲಕ್ಕೆ ಸೀಳಿ ಬರಲಿಲ್ಲ. ಮರಳಿನ ದಪ್ಪ 3 ಸೆಂ.ಮೀ.ಗೆ ಇಳಿಸಿ ತಳ್ಳುತ್ತಲೇ ಹೋದರೆ ಒಂದರ ಮುಂದೊಂದು ಫಾಲ್ಟ್ ಹುಟ್ಟಿ ಹೆಂಚು ಜೋಡಿಸಿದಂತೆ ಏರುತ್ತವೆ. ಹಿಮಾಲಯ ಪಾಠಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ.

ಭುಜ್ ಇರುವ ಕಛ್ ಮೊದಲು ಹಿಗ್ಗಿದ ಪ್ರದೇಶ, ಈಗ ಕುಗ್ಗುತ್ತಿರುವುದು. ಹಾಗಾಗಿ ಎಳೆದ ಮರಳನ್ನೇ ಮತ್ತೆ ತಳ್ಳಿ ನೋಡಿದೆ. ಹಳೆಯ 60 ಡಿಗ್ರಿ ಗೆರೆಗಳು ಹಿಂದಕ್ಕೆ ಜಾರುತ್ತವೆಂದುಕೊಂಡಿದ್ದೆ, ಬಹುತೇಕ ಜಾರಲಿಲ್ಲ. ಅಷ್ಟು ಕಡಿದಾದ ಗೆರೆಯಲ್ಲಿ ಏರುವುದಕ್ಕಿಂತ ಮರಳಿಗೆ ಹೊಸದಾಗಿ ಒಡೆಯುವುದೇ ಸುಲಭ. ನಿಜವಾದ ಬಂಡೆಯಲ್ಲಿ ಬಿರುಕಿನೊಳಗಿನ ನೀರಿನ ಒತ್ತಡ ಹಳೆಯ ಫಾಲ್ಟನ್ನು ಸಡಿಲಿಸುತ್ತದೆ, ಒಣ ಪೆಟ್ಟಿಗೆಯಲ್ಲಿ ಆ ನೀರಿಲ್ಲ.

ಮರಳಿನ ಬದಲು ರಾಗಿ ಕಾಳನ್ನೂ ತುಂಬಿದೆ. ಗೆರೆ ಬಾರದೆ ಒಂದೂವರೆ ಸೆಂ.ಮೀ. ಅಗಲದ ಪಟ್ಟೆ ಬಂತು, ಯಾಕೆಂದರೆ ಪಟ್ಟೆಯ ಅಗಲ ಕಾಳಿನ ಗಾತ್ರದ ಹತ್ತು ಪಟ್ಟಿನಷ್ಟಾಗುತ್ತದೆ. ರಾಗಿ ಹಿಟ್ಟು ಎಳೆದಾಗ ಮೇಲೆ ಬಾಯಿಬಿಟ್ಟ ನೇರ ಬಿರುಕು, ಕೆಳಗೆ ಓರೆ ಜಾರು. ಇದನ್ನು ಇನ್ನೂ ಪಳಗಿಸಬೇಕು.

ಎರಡು ಬದಿಗಳು ಏರಿಳಿಯದೆ ಅಕ್ಕಪಕ್ಕ ಜಾರುವ ಸ್ಟ್ರೈಕ್-ಸ್ಲಿಪ್ ಫಾಲ್ಟಿಗೆ ಗಾಜೇ ಬೇಡ. ಎರಡು ನುಣುಪು ಹಲಗೆ ಜೋಡಿಸಿ, ಮೇಲೆ 4 ಸೆಂ.ಮೀ. ಮರಳು ಉದುರಿಸಿ, ಜೋಡಣೆಗೆ ಅಡ್ಡವಾಗಿ ರಂಗೋಲಿ ಎಳೆ ಬಿಡಿ. ಒಂದು ಹಲಗೆಯನ್ನು ನಿಧಾನವಾಗಿ ಸರಿಸಿದರೆ ಗೆರೆ ಜೋಡಣೆಯ ನೇರಕ್ಕೆ ಬರುವುದಿಲ್ಲ. ಅದಕ್ಕೆ 15 ಡಿಗ್ರಿ ಓರೆಯಾಗಿ ಚಿಕ್ಕ ಬಿರುಕುಗಳ ಸಾಲು ಮೊದಲು ಮೂಡುತ್ತದೆ, ಇನ್ನಷ್ಟು ಸರಿಸಿದಾಗ ಅವು ಕೂಡಿಕೊಳ್ಳುತ್ತವೆ. 1967ರಲ್ಲಿ ಮಹಾರಾಷ್ಟ್ರದ ಕೊಯ್ನಾ ಭೂಕಂಪದಲ್ಲಿ ನೆಲದ ಮೇಲೆ ಕಂಡದ್ದೂ ಇಂಥ ಓರೆ ಸಾಲೇ.

ಗಾಜಿಗೆ ತಾಗಿದ ಮರಳು ತಡೆದುಕೊಳ್ಳುವುದರಿಂದ ಅಲ್ಲಿನ ಗೆರೆ ತುಸು ಬಾಗುತ್ತದೆ. ಅಳತೆ ತೆಗೆಯುವುದಾದರೆ ಎರಡು ಹನಿ ಸೋಪು ಬೆರೆಸಿದ ನೀರನ್ನು ಮೇಲಿನಿಂದ ಸ್ಪ್ರೇ ಮಾಡಿ, ಅರ್ಧ ಗಂಟೆ ನೆನೆಯಲು ಬಿಟ್ಟು, ತಗಡಿನಿಂದ ನಡುವೆ ಕೊಯ್ದು ಅಲ್ಲೇ ಅಳೆಯಿರಿ. ಕೊಯ್ದ ಮೇಲೆ ಬಣ್ಣವೆಲ್ಲ ಕಲೆಯುತ್ತದೆ. ಆ ಮರಳನ್ನು ತೊಳೆದು ಒಣಗಿಸಿ ಮುಂದಿನ ಸಲ ತಳದ ಪದರಕ್ಕೆ ಹಾಕುತ್ತೇನೆ.