ಸ್ಟಾಪರ್ ಆಗೋದನ್ನ ಪುಯೋಲ್‌ನ ನೋಡಿ ಕಲಿಯೋದು ಹೇಗೆ

ಬಳ್ಳಾರಿಯಲ್ಲಿ ಯಾವ ಹುಡುಗನನ್ನಾದರೂ ನಿಲ್ಲಿಸಿ "ಫುಟ್‌ಬಾಲ್‌ನಲ್ಲಿ ಎಲ್ಲಿ ಆಡ್ತೀಯಪಾ?" ಅಂತ ಕೇಳಿ, ಫಾರ್ವರ್ಡ್ ಅಂತಾನೆ. ಗೋಲ್‌ಕೀಪರ್ ಅನ್ನೋನು ಎಲ್ಲೋ ಒಬ್ಬ, ಅವನೂ ಗ್ಲೌಸ್ ಆಸೆಗೆ. ಸ್ಟಾಪರ್, ಅಂದ್ರೆ ಗೋಲಿನ ಮುಂದೆ ನಡುವೆ ನಿಂತು ತಡೆಯೋನು, ಆ ಜಾಗಕ್ಕೆ ಮಾತ್ರ ನಾವೇ ಒಬ್ಬನನ್ನ ಕೈಹಿಡಿದು ಎಳ್ಕೊಂಡು ಬಂದು ನಿಲ್ಲಿಸಬೇಕು. ಹಾಗೆ ನಿಂತವನಿಗಾಗಿ ಇದನ್ನ ಬರೀತಿದ್ದೀನಿ. ನಾನು ಹಗಲೆಲ್ಲ ಜೀನ್ಸ್ ಹೊಲಿಸೋ ಕೆಲಸದವನು, ಬೆಳಗಿನ ಹೊತ್ತು ಮಾತ್ರ ಕೋಚ್. ಸರ್ಟಿಫಿಕೇಟ್ ಕೇಳಬೇಡಿ.

ತಮ್ಮಾ, ಹತ್ತು ಜನರನ್ನ ನೋಡಬೇಡ, ಒಬ್ಬನನ್ನೇ ಹಿಡ್ಕೊ. ನಾನು ಕೊಡೋ ಹೆಸರು ಕಾರ್ಲೆಸ್ ಪುಯೋಲ್. ಸ್ಪೇನಿನ ಕತಲೋನಿಯಾದಲ್ಲಿ ಲಾ ಪೊಬ್ಲಾ ದೆ ಸೆಗುರ್ ಅಂತ ಒಂದು ಸಣ್ಣ ಊರು, ಅಲ್ಲಿ 1978ರಲ್ಲಿ ಹುಟ್ಟಿದವನು. ಚಿಕ್ಕವನಿದ್ದಾಗ ಗೋಲ್‌ಕೀಪರ್, ಆಮೇಲೆ ಫಾರ್ವರ್ಡ್. ಬಾರ್ಸಿಲೋನಾ ಕ್ಲಬ್ಬಿನ ಅಕಾಡೆಮಿಗೆ ಸೇರಿದ್ದು 17ನೇ ವಯಸ್ಸಿಗೆ. ಆ ಅಕಾಡೆಮಿಯ ಲೆಕ್ಕದಲ್ಲಿ ಅದು ತೀರಾ ತಡ. 1999ರಲ್ಲಿ ಮೊದಲ ತಂಡಕ್ಕೆ ಬಂದ, ಮೊದಮೊದಲು ರೈಟ್ ಬ್ಯಾಕ್ (ಬಲಬದಿಯ ಡಿಫೆಂಡರ್) ಆಡಿ ಆಮೇಲೆ ನಡುವಿಗೆ ಸರಿದ. 2014ರಲ್ಲಿ ಬೂಟು ಬಿಚ್ಚೋವರೆಗೂ ಬೇರೆ ಕ್ಲಬ್ಬಿನ ಅಂಗಿ ತೊಡಲಿಲ್ಲ. ಬಾರ್ಸಿಲೋನಾಕ್ಕೆ 593 ಪಂದ್ಯ, ಸ್ಪೇನಿಗೆ 100. ಎತ್ತರ ಎಷ್ಟು ಗೊತ್ತಾ? 1.78 ಮೀಟರ್, ಅಂದ್ರೆ ಐದಡಿ ಹತ್ತಿಂಚು. ಪಕ್ಕದಲ್ಲಿ ಆಡ್ತಿದ್ದ ಪಿಕೆ ಅವನಿಗಿಂತ ಒಂದು ಗೇಣಿನಷ್ಟು ಉದ್ದ. "ಕುಳ್ಳ ಇದ್ದೀನಿ, ನನ್ನನ್ನ ಸೈಡಿಗೆ ಹಾಕಿ" ಅನ್ನೋ ಹುಡುಗರಿಗೆ ನಾನು ಮೊದಲು ಹೇಳೋದು ಈ ಲೆಕ್ಕವನ್ನೇ.

ಇನ್ನು ನೋಡೋ ರೀತಿ. ಐದು ನಿಮಿಷದ ತುಣುಕು ವಿಡಿಯೋಗಳನ್ನ ಬಿಟ್ಟುಬಿಡು. ಅದರಲ್ಲಿ ಬರೀ ಜಾರಿ ಬಿದ್ದು ಬಾಲ್ ಕಿತ್ಕೊಳ್ಳೋದೇ ಇರುತ್ತೆ, ಹಿಂದೆ ಒಂದು ಹಾಡು ಬೇರೆ. ಪೂರ್ತಿ ಪಂದ್ಯ ಹಾಕ್ಕೊ, ಅದರಲ್ಲಿ 20 ನಿಮಿಷ ಸಾಕು. ಕ್ಯಾಮೆರಾ ಬಾಲಿನ ಹಿಂದೆ ಹೋಗುತ್ತೆ, ಹಾಗಾಗಿ ಸ್ಟಾಪರ್ ಬಹಳ ಹೊತ್ತು ಪರದೆಯಲ್ಲೇ ಇರಲ್ಲ. ಅವನು ಮತ್ತೆ ಕಾಣಿಸಿದ ಕ್ಷಣಕ್ಕೆ ವಿಡಿಯೋ ನಿಲ್ಲಿಸು. ಎಲ್ಲಿ ನಿಂತಿದ್ದಾನೆ, ಮೈ ಯಾವ ಕಡೆ ತಿರುಗಿದೆ, ಕೈ ಯಾರ ಕಡೆ ತೋರಿಸ್ತಿದೆ, ಈ ಮೂರನ್ನ ನೋಟ್‌ಬುಕ್ಕಿನಲ್ಲಿ ಬರ್ಕೊ. ನಾಲ್ಕಾರು ಸಲ ಬರೆಯೋಷ್ಟರಲ್ಲಿ ನಿನಗೇ ತಿಳಿಯುತ್ತೆ: ಬಾಲ್ ಬಂದ ಮೇಲೆ ಅವನು ಮಾಡೋದು ಕಡಿಮೆ, ಬರೋ ಮೊದಲೇ ಕೆಲಸ ಮುಕ್ಕಾಲು ಮುಗಿಸಿರ್ತಾನೆ.

ಇದು ನಮಗೆ ಹೆಚ್ಚು ಬೇಕು, ಯಾಕಂದ್ರೆ ನಮ್ಮದು ಗರಸು ನೆಲ. ಹುಲ್ಲಿನ ಮೇಲೆ ಜಾರಿದವನು ಎದ್ದು ಓಡ್ತಾನೆ, ಗರಸಿನ ಮೇಲೆ ಜಾರಿದವನು ತೊಡೆ ಚರ್ಮ ಅಲ್ಲೇ ಬಿಟ್ಟು ಏಳ್ತಾನೆ. ನಮ್ಮ ಕಾರ್ಖಾನೆಯ ಡೆನಿಮ್ ಕಟ್‌ಪೀಸುಗಳನ್ನ ಎರಡು ಪದರ ಮಾಡಿ, ನಡುವೆ ಸ್ಪಂಜು ಇಟ್ಟು, ಮೇಲೂ ಕೆಳಗೂ ಎಲಾಸ್ಟಿಕ್ ಹೊಲಿದು ಹುಡುಗರಿಗೆ ಮೊಣಕಾಲು ಪಟ್ಟಿ ಮಾಡಿಕೊಡ್ತೀನಿ. ಡೆನಿಮ್ ಹರಿಯಲ್ಲ. ಆದರೂ ಪಟ್ಟಿ ಇದೆ ಅಂತ ಜಾರೋಕೆ ಹೋಗಬೇಡ. ನಿಂತೇ ಆಡೋದನ್ನ ಕಲಿ.

ಅದಕ್ಕೊಂದು ಅಭ್ಯಾಸ. ಸುಣ್ಣದಲ್ಲಿ ಒಂದು ಓಣಿ ಎಳಿ: ಅಗಲ ನಾಲ್ಕು ಹೆಜ್ಜೆ, ಉದ್ದ ಇಪ್ಪತ್ತು ಹೆಜ್ಜೆ. ಒಬ್ಬ ಬಾಲ್ ತಗೊಂಡು ಬರ್ತಾನೆ. ನೀನು ಕೈ ಹಿಂದೆ ಕಟ್ಕೊಂಡು ಅವನ ಮುಂದೆ ಹಿಮ್ಮೆಟ್ಟಬೇಕು. ಮೊದಲ ವಾರ ಬಾಲ್ ಮುಟ್ಟೋ ಹಾಗೇ ಇಲ್ಲ, ಅವನನ್ನ ತಡಮಾಡಿಸೋದಷ್ಟೇ ನಿನ್ನ ಕೆಲಸ. ಮೊಣಕಾಲು ಬಾಗಿರಲಿ, ಮೈ ಓರೆಯಾಗಿರಲಿ, ಇಬ್ಬರ ನಡುವೆ ಒಂದೂವರೆ ಕೈ ಅಂತರ ಇರಲಿ. ಕಣ್ಣು ಬಾಲಿನ ಮೇಲೆ. ಅವನ ಕಾಲು, ಸೊಂಟ ಏನೇ ನಾಟಕ ಆಡಲಿ, ಬಾಲ್ ಸುಳ್ಳು ಹೇಳಲ್ಲ. ಕಬಡ್ಡಿಯಲ್ಲಿ ಕಾರ್ನರ್‌ನವನು ರೇಡರ್ ಕಾಲು ಚಾಚೋವರೆಗೂ ಕಾಯ್ತಾನಲ್ಲ, ಹಾಗೆ ಅವನು ಬಾಲನ್ನ ಸ್ವಲ್ಪ ಉದ್ದ ತಳ್ಳೋವರೆಗೂ ಕಾಯಿ. ಎರಡನೇ ವಾರದಿಂದ ಆ ಒಂದು ತಳ್ಳಿಗೆ ಮಾತ್ರ ಕಾಲು ಹಾಕು.

ಇದರ ಜೊತೆಗೆ ನೋಡಬೇಕಾದ ಪಂದ್ಯ 2000ದ ಅಕ್ಟೋಬರ್ 21ರದು, ಬಾರ್ಸಿಲೋನಾಕ್ಕೂ ರಿಯಲ್ ಮ್ಯಾಡ್ರಿಡ್‌ಗೂ. ಆ ಬೇಸಿಗೆಯಲ್ಲೇ ಫಿಗೊ ಬಾರ್ಸಿಲೋನಾ ಬಿಟ್ಟು ರಿಯಲ್ ಮ್ಯಾಡ್ರಿಡ್‌ಗೆ ಹೋಗಿದ್ದ, ಊರಿಗೆ ಊರೇ ಅವನ ಮೇಲೆ ಕೆಂಡ ಕಾರ್ತಿತ್ತು. ಫಿಗೊನ ಬೆನ್ನು ಬಿಡಬೇಡ ಅಂತ 22ರ ಪುಯೋಲ್‌ಗೆ ಒಪ್ಪಿಸಿದ್ರು. ಬಾರ್ಸಿಲೋನಾ 2-0 ಗೆದ್ದಿತು. ಆ ಗದ್ದಲದಲ್ಲಿ ಹುಡುಗ ತಲೆ ಕೆಡಿಸಿಕೊಳ್ಳದೆ ಹೇಗೆ ಅಂಟಿಕೊಂಡ ನೋಡು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಪಾಠ, ಹೆಡ್, ಅಂದ್ರೆ ತಲೆಯಿಂದ ಬಾಲ್ ಹೊಡೆಯೋದು. 2010ರ ಜುಲೈ 7, ಡರ್ಬನ್, ವಿಶ್ವಕಪ್ ಸೆಮಿಫೈನಲ್, ಜರ್ಮನಿ ವಿರುದ್ಧ. 73ನೇ ನಿಮಿಷ, ಎಡಗಡೆ ಕಾರ್ನರ್ ಕಿಕ್, ಪುಯೋಲ್‌ನ ಜೊತೆಗಾರ ಚಾವಿ ಹೊಡೀತಾನೆ. ಜರ್ಮನಿಯಲ್ಲಿ 1.98 ಮೀಟರಿನ ಮೆರ್ಟೆಸಾಕರ್ ಇದ್ದಾನೆ. ಮೊದಲ ಸಲ ಮಾಮೂಲಿ ನೋಡು. ಎರಡನೇ ಸಲ ಪುಯೋಲ್‌ನ ಕಾಲನ್ನ ಮಾತ್ರ ನೋಡು. ಗೋಲಿನ ಮುಂದಿನ ಗುಂಪಿನಲ್ಲಿ ಅವನಿಲ್ಲ, ದೂರದಲ್ಲಿದ್ದಾನೆ. ಬಾಲ್ ಗಾಳಿಗೆ ಎದ್ದ ಮೇಲೆ ನೇರ ಓಡಿ ಬರ್ತಾನೆ, ಪಿಕೆಯೂ ಅದೇ ಬಾಲಿಗೆ ಹಾರಿರ್ತಾನೆ, ಅವನನ್ನೂ ಮೀರಿ ಇವನ ಹಣೆ ಬಾಲಿಗೆ ಬಡಿಯುತ್ತೆ. 1-0, ಅದೇ ಕೊನೆಯ ಸ್ಕೋರು. 100 ಪಂದ್ಯದಲ್ಲಿ ಸ್ಪೇನಿಗೆ ಅವನು ಹೊಡೆದದ್ದು ಮೂರೇ ಗೋಲು, ಅದರಲ್ಲಿ ಇದೊಂದು. ಹಿಂದಿನ ವರ್ಷ ಮೇ ತಿಂಗಳಲ್ಲಿ ರಿಯಲ್ ಮ್ಯಾಡ್ರಿಡ್ ಅಂಗಳದಲ್ಲೇ ಬಾರ್ಸಿಲೋನಾ 6-2 ಗೆದ್ದಾಗಲೂ ಚಾವಿಯ ಫ್ರೀಕಿಕ್‌ಗೆ ಹೀಗೇ ತಲೆ ಕೊಟ್ಟಿದ್ದ. ಎರಡನ್ನೂ ಒಟ್ಟಿಗೆ ನೋಡಿದ್ರೆ ಅದೃಷ್ಟ ಅನ್ನೋ ಮಾತು ಬಾಯಿಗೆ ಬರಲ್ಲ.

ಎತ್ತರದವನು ನಿಂತಲ್ಲೇ ಹಾರ್ತಾನೆ, ನೀನು ಓಡಿ ಬಂದು ಹಾರು. ಓಟದ ವೇಗ ಮೇಲಕ್ಕೆ ತಿರುಗೋದು ಕೊನೆಯ ಎರಡು ಹೆಜ್ಜೆಯಲ್ಲಿ: ಕೊನೆಗಿಂತ ಹಿಂದಿನದು ಉದ್ದ, ಕೊನೆಯದು ಗಿಡ್ಡ. ಒಂದೇ ಕಾಲಲ್ಲಿ ನೆಲ ಒದ್ದು ಏಳು, ಎರಡೂ ಕೈ ಮೇಲಕ್ಕೆ ಬೀಸು, ಆದರೆ ಮೊಣಕೈ ಯಾರ ಮುಖಕ್ಕೂ ಹೋಗದಿರಲಿ. ಮೊದಲು ಬಾಲೇ ಇಲ್ಲದೆ ಅಭ್ಯಾಸ ಮಾಡು. ಆಮೇಲೆ ಗೋಲ್ ಕಂಬಕ್ಕೆ ಹಗ್ಗದಲ್ಲಿ ಬಾಲ್ ತೂಗುಬಿಟ್ಟು ಹಣೆ ಮುಟ್ಟಿಸು. ಕೊನೆಗೆ ಒಬ್ಬ ಕೈಯಿಂದ ಎಸೆಯಲಿ. ಹೊರಡೋ ಹೊತ್ತೇ ಇದರ ಗುಟ್ಟು. ನಮ್ಮ ಹುಡುಗರೆಲ್ಲ ಬೇಗ ಹೊರಟು, ಬಾಲಿನ ಕೆಳಗೆ ಬಂದು ನಿಂತು, ಮೇಲೆ ನೋಡ್ತಾ ಇರ್ತಾರೆ. ಬಾಲ್ ಎಲ್ಲಿ ಬೀಳುತ್ತೆ ಅಂತ ಗೊತ್ತಾದ ಮೇಲೆ ಹೊರಡು. ಚಿಕ್ಕ ಮಕ್ಕಳಿಗೆ ಇದನ್ನ ಮಾಡಿಸಲೇಬೇಡಿ ಮಾಸ್ತರೇ. ಅಮೆರಿಕದಲ್ಲಿ 10 ವರ್ಷದೊಳಗಿನವರಿಗೆ ಹೆಡ್ ಹೊಡೆಯೋದನ್ನೇ ನಿಲ್ಲಿಸಿದ್ದಾರೆ. ದೊಡ್ಡ ಹುಡುಗರಿಗೂ ಒಂದು ಬೆಳಗ್ಗೆ ಎಂಟ್ಹತ್ತು ಸಾಕು, ಬಾಲಿಗೆ ಗಾಳಿ ಸ್ವಲ್ಪ ಕಡಿಮೆ ಇರಲಿ.

ಪುಯೋಲ್ ಓಟದಲ್ಲಿ ಸೋತ ಗಳಿಗೆಯನ್ನೂ ನೋಡು. ಅದೇ ವಿಶ್ವಕಪ್ ಫೈನಲ್, ಜುಲೈ 11. 16ನೇ ನಿಮಿಷಕ್ಕೇ ಹಳದಿ ಕಾರ್ಡ್ ಬಿದ್ದಿದೆ. 83ನೇ ನಿಮಿಷದ ಹತ್ತಿರ ನೆದರ್ಲೆಂಡ್ಸಿನ ರಾಬೆನ್ ಬೆನ್ನ ಹಿಂದೆ ನುಗ್ತಾನೆ, 32ರ ಪುಯೋಲ್‌ನ ಕಾಲು ಅವನಿಗೆ ಸಾಟಿಯಲ್ಲ. ಕೈ ಹಾಕಿ ಹಿಡಿಯೋಕೆ ನೋಡ್ತಾನೆ, ರಾಬೆನ್ ಬೀಳಲಿಲ್ಲ, ಸ್ಪೇನಿನ ಗೋಲ್‌ಕೀಪರ್ ಕಸಿಯಾಸ್ ಮುಂದೆ ಬಂದು ಬಾಲ್ ಬಾಚಿಕೊಂಡ. ರಾಬೆನ್ ಬಿದ್ದಿದ್ರೆ ಎರಡನೇ ಕಾರ್ಡ್ ಬಿದ್ದು ಪುಯೋಲ್ ಮೈದಾನದಲ್ಲಿ ಇರ್ತಿರಲಿಲ್ಲ. ವಿಡಿಯೋ ಹಿಂದಕ್ಕೆ ಓಡಿಸಿ, ಓಟ ಶುರುವಾದಾಗ ಇಬ್ಬರೂ ಎಲ್ಲಿದ್ರು ನೋಡು. ವೇಗದವನು ಎದುರಿದ್ದಾಗ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು, ಪಾಸ್ ಹೊಡೆಯೋನು ತಲೆ ಎತ್ತಿದ ತಕ್ಷಣ ಮೈ ಓರೆ ಮಾಡಿ ಹೊರಡಬೇಕು.

ಇನ್ನೊಂದು, ಬಾಯಿ. ಪುಯೋಲ್ 2004ರಿಂದ ಕ್ಯಾಪ್ಟನ್. 2012ರಲ್ಲಿ ರಾಯೊ ವಯೆಕಾನೊ ಮೇಲೆ 7-0 ಗೆದ್ದ ದಿನ ತನ್ನ ತಂಡದ ಇಬ್ಬರು ಗೋಲ್ ಹೊಡೆದು ಕುಣಿಯೋಕೆ ಶುರು ಮಾಡಿದಾಗ ತಾನೇ ಓಡಿ ಬಂದು ನಿಲ್ಲಿಸಿದ. ನಮ್ಮಲ್ಲಿ ಮೈದಾನದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಟ್ಟಿಗೆ ಹಾರಾಡ್ತವೆ, ಬಾಲ್ ಬರೋ ಹೊತ್ತಿಗೆ ಯಾರು ಯಾರಿಗೆ ಏನಂದ್ರು ಗೊತ್ತಾಗಲ್ಲ. ಪಂದ್ಯಕ್ಕೆ ಮುಂಚೆ ನಾಲ್ಕೇ ಮಾತು ಗೊತ್ತು ಮಾಡ್ಕೊಳ್ಳಿ: "ನಂದು", "ಬಿಡು", "ಹಿಂದೆ", "ಮೇಲೆ". ಹಿಂದೆ ಇರೋನಿಗೆ ಮೈದಾನ ಪೂರ್ತಿ ಕಾಣುತ್ತೆ, ಹಾಗಾಗಿ ಕೂಗೋ ಜವಾಬ್ದಾರಿ ಸ್ಟಾಪರ್‌ದು.

ಅವನ ಒಂದು ಗುಣ ಮಾತ್ರ ಬೇಡ, ಮೈ ನೋಡದೆ ನುಗ್ಗೋದು. 2012ರ ಅಕ್ಟೋಬರ್‌ನಲ್ಲಿ ಬೆನ್ಫಿಕಾ ವಿರುದ್ಧ ಬಿದ್ದು ಮೊಣಕೈ ಕೀಲು ತಪ್ಪಿತು. ಕೊನೆಗೆ ಆಟ ಬಿಡಿಸಿದ್ದು ಮಂಡಿ.

ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ ಬೆಂಗಳೂರು ಎಫ್‌ಸಿ ವಸತಿ ಅಕಾಡೆಮಿ ಮಾಡಿತು ಅಂತ ತಿಳಿದ ಮೇಲೆ ನಮ್ಮ ಹುಡುಗರ ಕಣ್ಣೆಲ್ಲ ಆ ಕಡೆಗೇ. ಆ ಕ್ಲಬ್ 2018-19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದಾಗ ಅದರ ಡಿಫೆನ್ಸ್‌ನಲ್ಲೂ ಒಬ್ಬ ಸ್ಪೇನಿನವನಿದ್ದ, ಜುವಾನನ್. ಅವನ ಪಂದ್ಯಗಳನ್ನೂ ಇದೇ ನೋಟ್‌ಬುಕ್ಕಿಗೆ ಸೇರಿಸು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಆರಕ್ಕೆ ಶುರು ಮಾಡಿ ಎಂಟರೊಳಗೆ ಮುಗಿಸು, ಎಂಟರ ಮೇಲೆ ನಮ್ಮೂರ ಬಿಸಿಲಲ್ಲಿ ಆಡೋದು ಬೇಡ. ವಗ್ಗರಣಿ-ಮಿರ್ಚಿ ಆಟ ಆದ ಮೇಲೆ.